ಮೂರು ವಾರದ ದನಿ

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ನನ್ನ ಪಕ್ಕ ಒಬ್ಬ ಅಕ್ಕ, ಅವಳ ತಮ್ಮ. ಅಕ್ಕ ಕೆನ್ನೆ ಹಿಡಿದು ಮುದುಡಿದ್ದಳು. ತಮ್ಮ ಕಾಲು ಕುಣಿಸುತ್ತಿದ್ದ ರಭಸಕ್ಕೆ ನನ್ನ ಕುರ್ಚಿಯೂ ಅಲ್ಲಾಡುತ್ತಿತ್ತು.

“ಸುಮ್ನೆ ಕೂತ್ಕೊಳ್ಳೋ. ಹಲ್ಲು ಕೀಳೋದು ನಂದು.”

“ಬೇಗ ಹೋಗಿ ರೆಕಾರ್ಡ್ ಮಾಡ್ಬೇಕಕ್ಕ. ಆ ಮಾಡ್ಯುಲರ್ ಸಿಂಥಸೈಸರ್ ಜೊತೆ ಮೂರು ವಾರ ಒದ್ದಾಡಿದ್ಮೇಲೆ, ನಿನ್ನೆ ಸಂಜೆ ನಾನು ಅಂದ್ಕೊಂಡಿದ್ದ ದನಿ ಬಂತು.”

“ಇಪ್ಪತ್ತೈದು ವರ್ಷ ಕೀಬೋರ್ಡ್ ನುಡಿಸಿದೋನಿಗೆ ಮೂರು ವಾರ ಬೇಕಾಯ್ತಾ?”

“ಇದ್ರಲ್ಲಿ ಕೀಗಳೇ ಇಲ್ವಲ್ಲ. ಯಾವ ವೈರು ಯಾವ ತೂತಿಗೆ ಅನ್ನೋದ್ರಲ್ಲೇ ದನಿ ಇರೋದು.”

ಅಕ್ಕನ ಕೈ ಕೆನ್ನೆಯಿಂದ ಇಳಿಯಿತು.

“ನಿನ್ನ ಮೇಜಿನ ಮೇಲಿರೋ ಪೆಟ್ಟಿಗೆನಾ?”

“ಹೂಂ.”

“ಎಲ್ಲಾದ್ರೂ ಬರ್ಕೊಂಡಿರ್ತೀಯಲ್ವಾ?”

“ಇಲ್ಲ ಕಣಕ್ಕ. ಹಾಗೇ ಬಿಟ್ಟು ಬಂದಿದ್ದೀನಿ. ಯಾವ ಪುಣ್ಯಾತ್ಮ ಮುಟ್ತಾನೆ ಅದನ್ನ?”

ನರ್ಸ್ ಕರೆದಳು. ಅಲ್ಲಿಯವರೆಗೆ ಹೆದರಿ ಕೂತಿದ್ದ ಅಕ್ಕ ಸರಸರನೆ ನಡೆದು, ಬಾಗಿಲಲ್ಲಿ ತಿರುಗಿ ನಿಂತಳು.

“ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಮೇಜು ಒರೆಸಿದೆ ಕಣೋ. ವೈರೆಲ್ಲ ಬಿಚ್ಚಿ, ಬಣ್ಣ ಬಣ್ಣ ಬೇರೆ ಮಾಡಿ, ಚೆನ್ನಾಗಿ ಸುತ್ತಿಟ್ಟಿದ್ದೀನಿ.”

ಬಾಗಿಲು ಮುಚ್ಚಿತು. ನನ್ನ ಕುರ್ಚಿ ಅಲ್ಲಾಡುವುದು ನಿಂತಿತು. ಒಳಗಿಂದ ಅವಳ ದನಿ ಮಾತ್ರ ಕೇಳಿಸಿತು.

“ನಿಧಾನವಾಗೇ ಕೀಳಿ ಡಾಕ್ಟ್ರೇ, ನಂಗೇನೂ ಅವಸರ ಇಲ್ಲ.”