ಚೂಪು ತಲೆಯ ಜಿಗ್

ಅಲಬಾಮಾದ ಕೆರೆದಂಡೆಯ ಗಾಳದಂಗಡಿಯಲ್ಲಿ ಬೆಳಬೆಳಗ್ಗೆಯೇ ಸಾಲು. ಎರೆಹುಳುವಿನ ಡಬ್ಬಿ ಹಿಡಿದು ನಿಂತಿದ್ದ ಕ್ಲೀಟಾಳ ಮುಂದೆ ಡೆಲ್ಬರ್ಟ್ ಮತ್ತು ಅವನ ಹೆಂಡತಿಯ ತಮ್ಮ ವೆಸ್ಲಿ. ನಾಳೆಯ ಬಾಸ್ ಮೀನು ಹಿಡಿಯುವ ಪಂದ್ಯಕ್ಕೆ ಇವರಿಬ್ಬರೂ ಒಂದೇ ದೋಣಿಯ ಜೋಡಿ ಎಂದು ಊರಿಗೆಲ್ಲ ಗೊತ್ತು. ವೆಸ್ಲಿ ಆರಿಸಿಕೊಂಡ ಜಿಗ್ಗನ್ನು, ಸೀಸದ ತಲೆಯ ಆ ಗಾಳವನ್ನು, ಡೆಲ್ಬರ್ಟ್ ದಿಟ್ಟಿಸಿದ.

“ಚೂಪು ತಲೆ ಜಿಗ್ ಯಾಕೋ? ನಮ್ಮ ಜಾಗದಲ್ಲಿ ಬರೀ ಬಂಡೆ. ದುಂಡು ತಲೇದು ಸಾಕು.”

“ಸುಮ್ನೆ, ಇರ್ಲಿ ಅಂತ, ಭಾವ.”

“ಸುಮ್ನೆ ಯಾವನೂ ತಗೊಳಲ್ಲ ಕಣೋ. ಚೂಪು ತಲೆ ಇರೋದೇ ಜೊಂಡಲ್ಲಿ ಸಿಕ್ಕೊಳ್ದೆ ನುಸುಳೋಕೆ. ಜೊಂಡಿರೋದು ಆಚೆ ದಡದಲ್ಲಿ, ನಾಳೆ ನಮ್ಮೆದುರು ಇಳಿಯೋ ಹಾರ್ಲನ್ ಜಾಗದಲ್ಲಿ.”

ವೆಸ್ಲಿ ಕಾಲು ಬದಲಿಸಿದ.

“ಅವನೇ ತನ್ನ ದೋಣಿಗೆ ಕರೆದ, ಭಾವ. ಆ ಬಂಡೆ ಹತ್ರ ನಾವೇನು ಕಿತ್ತು ಗುಡ್ಡೆ ಹಾಕಿದೀವಿ ಹೇಳಿ?”

“ನಿನ್ನ ತಮ್ಮ ಕೈ ಕೊಟ್ಟ ಅಂತ ನಿಮ್ಮಕ್ಕಂಗೆ ಹೇಳ್ಲಾ?”

“ಹೇಳಿ. ಮೊದ್ಲು ಆ ಮುಷ್ಟಿ ಬಿಚ್ಚಿ. ಆಗ್ಲಿಂದ ಬಿಗಿ ಹಿಡ್ಕೊಂಡಿದೀರ.”

“ಇದಾ? ಏನಿಲ್ವೋ...”

ವೆಸ್ಲಿಯೇ ಬೆರಳು ಬಿಡಿಸಿದ. ಒಳಗಿದ್ದ ಎರಡು ಜಿಗ್ಗೂ ಚೂಪು ತಲೆಯವೇ.

“ನಿಮ್ಮನ್ನೂ ಕರೆದ್ನಾ?”

“ಮೊನ್ನೆ.”

“ಅವನ ದೋಣೀಲಿ ಇನ್ನೊಬ್ಬನಿಗಷ್ಟೇ ಜಾಗ!”

ಇಬ್ಬರೂ ಜಿಗ್ಗುಗಳನ್ನು ಅಲ್ಲೇ ಬಿಸಾಕಿ ಬಾಗಿಲಿಗೆ ಓಡಿದರು. ಕ್ಲೀಟಾ ನಗು ನುಂಗಿಕೊಂಡು ಮುಂದೆ ಸರಿದಳು. ಹೊರಗೆ ಎರಡು ಟ್ರಕ್ಕುಗಳು ಒಂದನ್ನೊಂದು ಹಿಂದಿಕ್ಕುತ್ತ ಆಚೆ ದಡದ ದಾರಿ ಹಿಡಿದವು.