ಟ್ಯಾಂಕರಿನಲ್ಲಿ ಕೇಳಿದ ಪಾಠ

ಕಾನೂನು ವಿಭಾಗದ ಕೆಲಸಕ್ಕೆ ಸಂದರ್ಶನ ನಡೆದಿತ್ತು. ಎದುರಿನ ಬೆಂಚಿನಲ್ಲಿ ಗಂಡಹೆಂಡತಿ ಪಿಸುಗುಡುತ್ತಿದ್ದರು. ಸ್ವಾಗತಕಾರಿಣಿಯ ಕಿವಿ ತಾನಾಗಿಯೇ ಅತ್ತ ವಾಲಿತು.

“ಆ ಸರ್ಟಿಫಿಕೇಟನ್ನ ಎಷ್ಟು ಸಲ ತೆಗೆದು ನೋಡ್ತೀಯೇ?”

“ಪರಿಸರ ಕಾನೂನನ್ನ ಆನ್‌ಲೈನಲ್ಲಿ ಓದಿದ್ದಾ ಅಂತ ನಕ್ಕುಬಿಟ್ರೆ?”

“ನಾನೂ ನಕ್ಕಿದ್ದೆ ಕಣೆ. ನಾನು ಟ್ಯಾಂಕರ್ ಓಡಿಸ್ವಾಗ ಪಕ್ಕ ಕೂತು ಫೋನಲ್ಲಿ ಪಾಠ ಹಾಕ್ತಿದ್ಯಲ್ಲ, ರೇಡಿಯೋ ಕೆಟ್ಟಿತ್ತು, ಕೇಳಿಸ್ಕೊಂಡೆ.”

“ಕೇಳಿಸ್ಕೊಂಡು ಕೆಲಸ ಕಳ್ಕೊಂಡ್ರಿ.”

“ಇನ್ನೇನ್ ಮಾಡ್ಲಿ? ಫ್ಯಾಕ್ಟರಿಯ ಬಣ್ಣದ ಕೊಳಕು ನೀರನ್ನ ಹೊಳೆಗೆ ಬಿಡು ಅಂದ್ರು ಓನರ್. ವರ್ಷಗಟ್ಟಲೆ ಬಿಟ್ಟೋನೇ ನಾನು. ಅವತ್ತು ವಾಲ್ವ್ ಮೇಲೆ ಕೈ ಇಟ್ರೆ ನಿಮ್ಮ ಪಾಠದ ಮೇಡಂ ದನಿ ಕಿವೀಲಿ ಕೇಳಿಸ್ತು, ಕೆಳಗಡೆ ಯಾರೋ ಇದೇ ನೀರು ಕುಡೀತಾರೆ ಅಂತ. ಕೈ ತಿರುಗ್ಲೇ ಇಲ್ಲ. ತುಂಬಿದ ಟ್ಯಾಂಕರನ್ನ ಫ್ಯಾಕ್ಟರಿ ಬಾಗಿಲಿಗೇ ತಂದು ನಿಲ್ಲಿಸ್ದೆ. ನಿನ್ನ ಓದಿಂದ ಒಂದು ಕೆಲಸ ಹೋಯ್ತು, ಇವತ್ತು ಇನ್ನೊಂದು ಬರ್ಲಿ.”

“ಈ ಓದಿನಿಂದ ಏನು ಪ್ರಯೋಜನ ಅಂತ ಒಳಗೆ ಕೇಳಿದ್ರೆ?”

“ಏನಂತೀಯ?”

“ಹೊರಗೆ ಕೂತಿದ್ದಾರೆ, ಕರೀಲಾ ಅಂತೀನಿ.”

ಒಳಗಿಂದ ಗಂಟೆಯ ಸದ್ದಾಯಿತು. ಯಾರಿಗೂ ಕುರ್ಚಿ ಬಿಟ್ಟು ಏಳದ ಸ್ವಾಗತಕಾರಿಣಿ ಎದ್ದು ಹೋಗಿ ಬಾಗಿಲು ತೆರೆದು ಹಿಡಿದಳು. ಹೆಂಡತಿ ಒಳಗೆ ಹೋದಳು. ಗಂಡ, ಕರೆದರೂ ಕರೆದಾರು ಎಂದು, ಅಂಗಿಯ ಕೊರಳಿನ ಗುಂಡಿ ಹಾಕಿಕೊಂಡ.