ಮಹಿಷಾಸುರನ ಮಲಗುವ ಕೋಣೆಗೆ ಒಂದು ಬಲ್ಬು

ಇಲ್ಲ, ಇಲ್ಲ, ಇದನ್ನೂ ನೀವು ವಾಪಸ್ ತಗೊಳ್ಳಲೇಬೇಕು ಮಜೀದಣ್ಣ! ಮೊದಲು ಹಸಿರು ಕೊಟ್ರಿ, ಆಮೇಲೆ ನೀಲಿ, ಮೊನ್ನೆ ಈ ಕೆಂಪು. ಮೂರೂ ಆಗ್ಲಿಲ್ಲ. ನೀಲಿಯಲ್ಲಿ ನಮ್ಮವರು ಐಸ್ ಪೆಟ್ಟಿಗೆಯ ಬಂಗುಡೆ ಹಾಗೆ ಕಾಣ್ತಿದ್ರು. ಸರಿ, ಸುಧಾರಿಸಿಕೊಂಡೆ. ಈ ಕೆಂಪು ಹಾಕಿದ್ದೇ ಹಾಕಿದ್ದು... ಅರ್ಧ ನಿದ್ದೆಯಲ್ಲಿ ಮಗ್ಗುಲು ತಿರುಗಿ ನೋಡ್ತೇನೆ, ಪಕ್ಕದಲ್ಲಿ ಸಾಕ್ಷಾತ್ ಮಹಿಷಾಸುರ! ಆಟ ಮುಗಿಸಿ ಬಣ್ಣ ತೆಗೆಯದೆ ಹಾಗೇ ಬಂದು ಮಲಗಿದ್ದಾರೆ ಅಂತ ಕಿರುಚಿಬಿಟ್ಟೆ. ಇವರು ಎದ್ದು ಕೂತು, "ಯಾರು? ದೇವಿ ಬಂದ್ಲಾ?" ಅಂತ ಕೇಳ್ತಾರೆ ಮಾರಾಯ್ರೆ!

ಎಂತ ನಗುವುದು? ನಿಮಗೆ ನಗು. ಯಕ್ಷಗಾನದ ರಕ್ಕಸನಿಗೆ ಹೆಂಡತಿಯಾಗಿ ನೋಡ್ಬೇಕು, ಆಗ ಗೊತ್ತಾಗ್ತದೆ. ಬಣ್ಣದ ವೇಷದ ರುಕ್ಮಯ್ಯ ಅಂದ್ರೆ ಈ ಮೆಲ್ಕಾರಿನ ಮಕ್ಕಳು ಈಗಲೂ ಅಮ್ಮನ ಸೆರಗಿನ ಒಳಗೆ. ಆ ರುಕ್ಮಯ್ಯ ಮನೆಯಲ್ಲಿ ಒಂದು ಬಲ್ಬಿನ ಎದುರು ಸೋತು ಸುಣ್ಣ ಆಗಿದ್ದಾರೆ. ಸ್ಟೂಲು ಈಚೆ ತಳ್ಳಿ, ಕೂತು ಹೇಳ್ತೇನೆ.

ಎಲ್ಲದಕ್ಕೂ ಕಾರಣ ಈ ಕಾಲಮಿತಿ ಆಟ. ಮೊದಲಾದ್ರೆ ಎಂತ ಕ್ರಮ? ದೀಪಾವಳಿ ಕಳೆದು ಗೆಜ್ಜೆ ಕಟ್ಟಿದ್ರೆ ಮಳೆಗಾಲಕ್ಕೆ ಮೊದಲು ಪತ್ತನಾಜೆಗೇ ಬಿಚ್ಚುವುದು. ಆರು ತಿಂಗಳು ರಾತ್ರಿ ಇಡೀ ಆಟ, ಹಗಲು ಇಡೀ ನಿದ್ದೆ. ಈಗ ಹನ್ನೆರಡಕ್ಕೆ ಮಂಗಳ ಹಾಡ್ತಾರೆ, ಒಂದೂವರೆಗೆ ಇವರು ಮನೆಯಲ್ಲಿ. ಬಂದವರು ಮಲಗಬೇಕಲ್ಲ? ಹಗಲು ಬೆಳಕಲ್ಲಿ ಮಲಗಿ ಮಲಗಿ ಅಭ್ಯಾಸ ಆದವರು, ಕತ್ತಲೆಯಲ್ಲಿ ಕಣ್ಣೇ ಮುಚ್ಚುವುದಿಲ್ಲ. ಟ್ಯೂಬ್‌ಲೈಟು ಉರೀತಾ ಇರ್ಬೇಕು... ಹೌದು ಹೌದು, ಅವರಿಗೇ! ನನಗೆ ಎಂತಕ್ಕೆ ಬೆಳಕು? ನಾನು ಮಲಗಿದ್ರೆ ಕಲ್ಲು.

ಆದ್ರೆ ಆ ಬೆಳಕಲ್ಲಿ ಇವರ ನಿದ್ದೆ ನಿದ್ದೆಯೇ ಅಲ್ಲ. ಬಿ.ಸಿ. ರೋಡಿನಲ್ಲಿ ಡಾಕ್ಟ್ರಿಗೆ ತೋರಿಸಿದೆವು. ಕಣ್ಣು ಮುಚ್ಚಿದ್ರೂ ಬೆಳಕು ರೆಪ್ಪೆ ದಾಟಿ ಒಳಗೆ ಹೋಗ್ತದಂತೆ. ಮೈ ಮಲಗಿದ್ರೂ ಮಂಡೆ ಮಲಗುವುದಿಲ್ಲವಂತೆ. "ಮೊದಲು ಆ ಟ್ಯೂಬ್‌ಲೈಟು ಬಂದ್ ಮಾಡಿ" ಅಂದ್ರು ಡಾಕ್ಟ್ರು. ಇವರು ನನ್ನ ಮುಖ ನೋಡಿದ್ರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ಮತ್ತೆ ಕಳೆದ ವಾರ ಬೆಳುವಾಯಿಯಲ್ಲಿ ಆದದ್ದು ಗೊತ್ತುಂಟಲ್ಲ? ಗೊತ್ತಿಲ್ವಾ! ಇವರು ರಂಗಸ್ಥಳದ ಹಿಂದೆ ಚೌಕಿಯಲ್ಲಿ ಬಣ್ಣಕ್ಕೆ ಕೂತಿದ್ದಾರೆ. ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡ್ಲಿಕ್ಕೇ ಗಂಟೆಗಟ್ಟಲೆ ಬೇಕು. ಚುಟ್ಟಿ ಆಯ್ತು, ಕೋಡು ಕಟ್ಟಿ ಆಯ್ತು, ಕೂತಲ್ಲೇ ನಿದ್ದೆ! ಅಲ್ಲಿ ರಂಗಸ್ಥಳದಲ್ಲಿ ಭಾಗವತರು ಪದ ಎತ್ತಿದ್ರು, ಚೆಂಡೆ ಬಿತ್ತು, ದೊಂದಿ ಹಿಡಿಯುವವರು ಎದ್ದು ನಿಂತ್ರು. ಜನರ ಹಿಂದಿನಿಂದ ಅಬ್ಬರಿಸಿಕೊಂಡು ಮಹಿಷಾಸುರ ಬರ್ಬೇಕು, ಎಲ್ಲರೂ ಹಿಂದೆ ತಿರುಗಿ ನೋಡ್ತಾರೆ... ರಕ್ಕಸ ಇಲ್ಲ! ಚೌಕಿಯ ಒಳಗಿನಿಂದ ಗೊರಕೆ. ಕೆಲವರು ಅದೇ ಅಬ್ಬರ ಅಂತ ಚಪ್ಪಾಳೆ ಹೊಡೆದ್ರಂತೆ!

ನಗಿ, ನಗಿ. ನಾನೂ ನಕ್ಕೆ. ಆಮೇಲೆ ಗೊತ್ತಾಯ್ತು, ಮೇಳದ ಮೇನೇಜರು ಹೇಳಿದ್ದಾರಂತೆ, ಇನ್ನೊಂದು ಸಲ ಹೀಗಾದ್ರೆ ಮಹಿಷಾಸುರ ಬೇರೆಯವರಿಗೆ ಅಂತ. ಮೂವತ್ತು ವರ್ಷದ ವೇಷ ಮಜೀದಣ್ಣ! ಆ ದಿನ ಇವರು ಊಟ ಮಾಡ್ಲಿಲ್ಲ. ಗಂಜಿಯ ಬಟ್ಟಲಲ್ಲಿ ಚಟ್ನಿ ಕಲಸ್ತಾ ಕಲಸ್ತಾ ಕೂತಿದ್ರು. ನನಗೆ ನೋಡ್ಲಿಕ್ಕೇ ಆಗ್ಲಿಲ್ಲ. ಅದಕ್ಕೇ ನಿಮ್ಮ ಹತ್ತಿರ ಮತ್ತೆ ಮತ್ತೆ ಬರುವುದು. ಬೆಳಕೂ ಇರ್ಬೇಕು, ಇವರಿಗೆ ನಿದ್ದೆಯೂ ಬರ್ಬೇಕು. ಅಂಥ ಬಲ್ಬು ಉಂಟಾ ಹೇಳಿ.

ಕತ್ತಲೆ ಮಾಡಿದ್ರೆ ಎಂತ ಅಂತವಾ? ಅದು ಆಗುವುದಿಲ್ಲ ಅಂತ ಹೇಳಿದ್ನಲ್ಲ. ಮತ್ತೆ... ಆ ಕನಸೂ ಹೋಗ್ತದಲ್ಲ.

ಓ, ಕನಸಿನ ಸಂಗತಿ ಹೇಳ್ಲಿಲ್ವಾ? ಅದೊಂದು ತಮಾಷೆ. ಬೆಳಕಲ್ಲಿ ಮಲಗಿದ್ರೆ ಕನಸಿನ ಒಳಗೇ ಎಚ್ಚರ ಆಗ್ತದೆ. ಎದ್ದು ಕೂರುವುದಲ್ಲ! ಕನಸು ನಡೀತಾನೇ ಇರ್ತದೆ, ಆದ್ರೆ "ಓಹೋ, ಇದು ಕನಸು" ಅಂತ ನಮಗೆ ಗೊತ್ತಿರ್ತದೆ. ನೋಡಿ, ಕೊಯ್ಲು ಆದ ಗದ್ದೆಯಲ್ಲಿ ಆಟ. ಎದುರಿನ ಸಾಲಲ್ಲೇ ಕುರ್ಚಿ. ಚೆಂಡೆ, ದೊಂದಿ, ಬೆಂಕಿ, ಹೊಗೆ. ತಲೆ ಎತ್ತಿ ನೋಡಿದ್ರೆ ರಂಗಸ್ಥಳದ ಮೇಲೆ ನಮ್ಮ ಮಲಗುವ ಕೋಣೆಯ ಟ್ಯೂಬ್‌ಲೈಟು! ಅದೇ, ಒಂದು ತುದಿ ಕಪ್ಪಾದದ್ದು, ಹಲ್ಲಿ ಸಮೇತ. ಅದು ಕಂಡ ಕೂಡಲೇ ಗೊತ್ತಾಗ್ತದೆ. ಗೊತ್ತಾದ ಮೇಲೆ ಮತ್ತೆಂತ, ನಮ್ಮದೇ ರಾಜ್ಯ! ನಾವು ಹೇಳಿದ ಹಾಗೆ ಆಟ ನಡೀಬೇಕು. ದೇವಿ ತ್ರಿಶೂಲ ಎತ್ತಿದ್ಲಾ, ಕುರ್ಚಿಯಿಂದ ಎದ್ದು ಕೈ ಮುಗಿಯುವುದು. "ಅಮ್ಮಾ, ಇವತ್ತೊಂದು ದಿನ ಬಿಟ್ಟುಬಿಡು, ಇವರಿಗೆ ಕಡೇ ಬಸ್ಸು ಉಂಟು, ಮನೆಗೆ ಬರ್ಲಿ." ಬಿಡ್ತಾಳೆ ಮಾರಾಯ್ರೆ! ಕೋಡು ಸಮೇತ ಮಹಿಷಾಸುರ ಬಸ್ಸು ಹತ್ತುವುದು, ಕಂಡಕ್ಟರು "ಕೋಡು ತಗ್ಗಿಸಿ" ಅಂತ ಹೇಳುವುದು... ಎಷ್ಟು ಚಂದ ಅಂತೀರಿ!

ಎಂತ? ಯಾರ ಕನಸಾ? ಅವರದ್ದೇ. ಅವರೇ ಹೇಳಿದ್ದು... ವೇಷ ಕಟ್ಟಿದವರೇ ಎದುರು ಕೂತು ನೋಡುವುದು ಹೇಗೆ ಅಂತ ನನಗೆಂತ ಗೊತ್ತು? ಕನಸಲ್ವಾ, ಎಂತ ಬೇಕಾದ್ರೂ ಆಗ್ತದೆ. ನೀವು ವಕೀಲರ ಹಾಗೆ ಪ್ರಶ್ನೆ ಕೇಳ್ಬೇಡಿ, ಬಲ್ಬು ತೋರಿಸಿ.

ಬೇಗ ಆಗ್ಬೇಕು ಮಜೀದಣ್ಣ, ಇವರ ಅವಸ್ಥೆ ನೋಡ್ಲಿಕ್ಕಾಗುವುದಿಲ್ಲ. ಒಂದು ವಾರದಿಂದ ಹೊಸ ಕ್ರಮ ಶುರು ಮಾಡಿದ್ದಾರೆ. ವೇಷಕ್ಕೆ ಮೊದಲು ತಲೆಗೆ ಬಿಗಿಯಾಗಿ ಬಟ್ಟೆ ಸುತ್ತುತ್ತಾರಲ್ಲ, ಆ ಬಟ್ಟೆ. ಅದನ್ನು ಮೂರು ಸುತ್ತು ಕಣ್ಣಿಗೆ ಕಟ್ಟಿಕೊಂಡು ಮಲಗುವುದು! ಬೆಳಕು ಒಂದು ಚೂರೂ ಒಳಗೆ ಬರ್ಬಾರದು ಅಂತ. ನಿದ್ದೆ ಹತ್ತಿದ ಕೂಡಲೇ ಅದು ಜಾರಿ ಕುತ್ತಿಗೆಗೆ ಬರ್ತದೆ, ಪುನಃ ಎಚ್ಚರ, ಪುನಃ ಕಟ್ಟುವುದು...

ಎಂತ, ನಗುವುದಿಲ್ವಾ?

ಈಗ ನಗುವ ಜಾಗ ಇತ್ತಲ್ಲ... ಯಾಕೆ ಹಾಗೆ ನೋಡ್ತೀರಿ?

ಹ್ಞೂಂ. ಬೆಳಕು ಬೇಕಾದವರು ಕಣ್ಣಿಗೆ ಯಾಕೆ ಬಟ್ಟೆ ಕಟ್ತಾರೆ ಅಂತ.

...ನನಗೇ. ಆಯ್ತಾ? ನನಗೇ ಬೆಳಕು ಬೇಕಾದದ್ದು. ಕನಸೂ ನನ್ನದೇ.

ನೆರಿಯದಲ್ಲಿ ಅಪ್ಪನ ಮನೆಯಲ್ಲಿ ಹತ್ತು ಜನ ಒಟ್ಟಿಗೆ ಸಾಲಾಗಿ ಚಾಪೆ ಹಾಸಿ ಮಲಗ್ತಿದ್ದವಳು ನಾನು. ಮದುವೆಯಾಗಿ ಬಂದೆ, ದೀಪಾವಳಿ ಕಳೆಯಿತು, ಇವರು ತಿರುಗಾಟಕ್ಕೆ ಹೊರಟ್ರು. ಅತ್ತೆಗೆ ಒಂದು ಕೋಣೆ, ನನಗೊಬ್ಬಳಿಗೇ ಒಂದು ಕೋಣೆ. ಅತ್ತೆಗೆ ಕಿವಿ ಕೇಳುವುದಿಲ್ಲ. ಲೈಟು ಬಂದ್ ಮಾಡಿದ್ರೆ ಕಪಾಟಿಗೂ ಕಾಲು ಬರ್ತಿತ್ತು ಮಜೀದಣ್ಣ! ಲೈಟು ಹಾಕಿದೆ. ಅದು ಹಾಗೇ ಉಳಿಯಿತು. ಪತ್ತನಾಜೆ ಕಳೆದು ಬಂದವರು "ಪರಮೇಶ್ವರೀ, ಲೈಟು ಯಾಕೆ?" ಅಂತ ಕೇಳಿದ್ರು. ರಕ್ಕಸನ ಹೆಂಡತಿಗೆ ಕತ್ತಲೆ ಅಂದ್ರೆ ಹೆದರಿಕೆ ಅಂತ ಯಾವ ಬಾಯಲ್ಲಿ ಹೇಳುವುದು? "ನಿಮಗೆ ಬೆಳಕಲ್ಲಿ ಮಲಗಿ ಅಭ್ಯಾಸ ಅಲ್ವಾ, ನಿಮಗಾಗಿಯೇ" ಅಂದೆ. "ಹೌದಾ" ಅಂದ್ರು. ಅಷ್ಟೇ. ಇಪ್ಪತ್ತಾರು ವರ್ಷ ಆಯ್ತು. ಪಾಪ, ಇವತ್ತಿಗೂ ಅವರಿಗೆ ಗೊತ್ತಿಲ್ಲ. ನೀವು ಹೇಳ್ಬಾರದು, ದಮ್ಮಯ್ಯ...

ಯಾಕೆ ತಲೆ ತಗ್ಗಿಸಿದ್ರಿ?

ಮಜೀದಣ್ಣ... ಇವರು ಇಲ್ಲಿಗೆ ಬಂದಿದ್ರಾ?

ಯಾವಾಗ? ನಿನ್ನೆಯಾ? ಈ ಪೊಟ್ಟಣ ಎಂತದ್ದು? ...ಗೋಡೆಯ ಬುಡದಲ್ಲಿ, ಕಾಲಿನ ಹತ್ತಿರ ಹಾಕುವ ಚಿಕ್ಕ ಬಲ್ಬು. ಕಣ್ಣಿಗೆ ಹೊಡೆಯುವುದಿಲ್ಲ, ಕೋಣೆ ಪೂರಾ ಕತ್ತಲೆಯೂ ಆಗುವುದಿಲ್ಲ. ತೆಗೆದಿಡ್ಲಿಕ್ಕೆ ಹೇಳಿ ಹೋದ್ರಾ? ಯಾರಿಗೆ ಬೇಕು ಅಂದ್ರು? ನನ್ನ ಹೆಸರು ಹೇಳಿದ್ರಾ?

ಇಲ್ವಾ? ಮತ್ತೆ ಯಾರ ಹೆಸರು?

ಮಾತಾಡಿ ಮಾರಾಯ್ರೆ!

...ಅವರದ್ದೇ? "ನನಗೆ ಕತ್ತಲೆ ಅಂದ್ರೆ ಹೆದರಿಕೆ" ಅಂತ, ಇಲ್ಲಿ ನಿಂತುಕೊಂಡು? ಹೊರಗೆ ಆ ಬೆಂಚಲ್ಲಿ ರಿಕ್ಷಾದವರೆಲ್ಲ ಕೂತಿರುವಾಗ? ಊರಿಗೆಲ್ಲ ಹೆದರಿಕೆ ಹುಟ್ಟಿಸಿದ ಮನುಷ್ಯ?

ನಕ್ಕರಾ ರಿಕ್ಷಾದವರು? ...ಇವರೂ ಒಟ್ಟಿಗೆ ನಕ್ಕರಾ?

ಅಯ್ಯೋ ದೇವರೇ. ಗೊತ್ತಿತ್ತು ಇವರಿಗೆ. ಆವತ್ತು "ಹೌದಾ" ಅಂದಾಗಲೇ ಗೊತ್ತಿತ್ತು.

ಅಳ್ತಾ ಇಲ್ಲ ನಾನು. ನಿಮ್ಮ ಅಂಗಡಿಯಲ್ಲಿ ಧೂಳು ಜಾಸ್ತಿ. ನೀರು ಬೇಡ, ಕೊಡಿ ಇಲ್ಲಿ ಆ ಪೊಟ್ಟಣ. ಆ ಟ್ಯೂಬ್‌ಲೈಟಿನ ಆಟಕ್ಕೆ ಇವತ್ತು ಮಂಗಳ. ಕನಸಾ? ಹೋಗ್ಲಿ ಬಿಡಿ. ಮಹಿಷಾಸುರನೇ ಪಕ್ಕದಲ್ಲಿ ಗೊರಕೆ ಹೊಡೆಯುವಾಗ ಕಡೇ ಬಸ್ಸಿನ ಚಿಂತೆ ನನಗೆ ಯಾಕೆ? ಹೆದರಿಕೆ ಆದ್ರೆ ಕೈ ಹಿಡ್ಕೊಂಡ್ರಾಯ್ತು, ಅಷ್ಟು ದೊಡ್ಡ ಕೈ ಉಂಟಲ್ಲ.

ಬರ್ತೇನೆ ಮಜೀದಣ್ಣ. ಓಯ್, ರಿಕ್ಷಾದವ್ರೇ! ಎಲ್ಲರೂ ಇದ್ದೀರಲ್ಲ, ಒಳ್ಳೇದಾಯ್ತು. ನಿನ್ನೆ ಇಲ್ಲಿ ಕೂತು ನಕ್ಕದ್ದು ಯಾರೆಲ್ಲ? ಕಿವಿ ಕೊಟ್ಟು ಕೇಳಿ, ಇನ್ನೊಮ್ಮೆ ಹೇಳುವುದಿಲ್ಲ. ಕತ್ತಲೆಗೆ ಹೆದರುವುದು ಮಹಿಷಾಸುರ ಅಲ್ಲ, ಅವನ ಹೆಂಡತಿ!